ಖಾಲಿ ಕಾಲಂ ತುಂಬುವ ಶಾನುಭೋಗರು

ಕೆಲವು ವರ್ಷಗಳ ಹಿಂದೆ ನಮ್ಮ ಮೇಜಿಗೆ ಹೊಸ ಬೋರ್ಡ್ ಒಂದು ಬಂತು. ಅದರಲ್ಲಿ ಕರೆಂಟ್ ಅಳೆಯಲು ಐಎನ್‌ಎ226 ಎಂಬ ಪುಟ್ಟ ಚಿಪ್ಪು ಕೂತಿತ್ತು. ಲಿನಕ್ಸ್ ಬೂಟ್ ಆಯಿತು, ಡ್ರೈವರ್ ಚಿಪ್ಪನ್ನು ಗುರುತು ಹಿಡಿಯಿತು, ಪರದೆಯ ಮೇಲೆ ಆಂಪಿಯರ್ ಅಂಕಿ ಮೂಡಿತು. ನೋಡಿದವರಿಗೆಲ್ಲ ಖುಷಿಯೋ ಖುಷಿ. ನಾವು ಹೆದರಿದ್ದಕ್ಕಿಂತ ಎಷ್ಟೋ ಕಡಿಮೆ ಕರೆಂಟ್ ಎಳೆಯುತ್ತಿದೆ! ಮ್ಯಾನೇಜರು ಆ ಅಂಕಿಯನ್ನು ಸ್ಲೈಡಿಗೂ ಹಾಕಿದರು. ಮೂರು ವಾರದ ಮೇಲೆ, ಬೋರ್ಡ್ ಮುಟ್ಟಿದರೆ ಕೈ ಸುಡುತ್ತದಲ್ಲ ಎಂದು ಟೆಸ್ಟಿಂಗ್ ಹುಡುಗನೊಬ್ಬ ಗೊಣಗಿದ. ಎಸ್‌ಪಿ ರೋಡಿನಿಂದ ಡಿಸಿ ಕ್ಲ್ಯಾಂಪ್ ಮೀಟರ್ ತರಿಸಿ ಹಿಡಿದು ನೋಡಿದೆವು. ಮೀಟರಿನಲ್ಲಿ 5 ಆಂಪಿಯರ್. ಪರದೆಯಲ್ಲಿ 1.

ಈ ಚಿಪ್ಪಿಗೆ ಕರೆಂಟ್ ನೇರವಾಗಿ ಕಾಣುವುದಿಲ್ಲ. ಕರೆಂಟ್ ಹರಿಯುವ ದಾರಿಯಲ್ಲಿ ಅತಿ ಸಣ್ಣ ರೆಸಿಸ್ಟರ್ ಒಂದನ್ನು ಕೂರಿಸಿರುತ್ತಾರೆ. ಅದಕ್ಕೆ ಶಂಟ್ ಎನ್ನುತ್ತಾರೆ. ಚಿಪ್ಪು ಅಳೆಯುವುದು ಆ ಶಂಟಿನ ಎರಡು ತುದಿಗಳ ನಡುವಿನ ವೋಲ್ಟೇಜನ್ನು. ಶಂಟ್ ಎಷ್ಟು ಓಮಿನದು ಎಂದು ಯಾರಾದರೂ ಹೇಳಿದರೆ ಮಾತ್ರ ಭಾಗಾಕಾರ ಮಾಡಿ ಆಂಪಿಯರ್ ತೆಗೆಯಬಹುದು. ನಮ್ಮ ಬೋರ್ಡಿನ ಶಂಟಿನ ಮೇಲೆ ‘ಆರ್002’ ಎಂದು ಅಚ್ಚಾಗಿತ್ತು, ಅಂದರೆ 2 ಮಿಲಿಓಮ್. ಡ್ರೈವರ್ 10 ಮಿಲಿಓಮ್ ಎಂದುಕೊಂಡು ಭಾಗಿಸುತ್ತಿತ್ತು.

ಬೋರ್ಡಿನ ವಿವರಪಟ್ಟಿಯಲ್ಲಿ 2 ಮಿಲಿಓಮ್ ಎಂದು ಬರೆಯಲು ನಾವು ಮರೆತಿದ್ದೆವೇ? ಬರೆದಿದ್ದೆವು. ಆದರೆ ಅದೇ ಮನೆತನದ ಇನ್ನೊಂದು ಚಿಪ್ಪು ಐಎನ್‌ಎ3221ರ ಮಾದರಿ ನೋಡಿ ನಕಲು ಮಾಡಿದ್ದೆವು. ಅದರ ಡ್ರೈವರ್ ‘ಶಂಟ್-ರೆಸಿಸ್ಟರ್-ಮೈಕ್ರೋ-ಓಮ್ಸ್’ ಎಂಬ ಹೆಸರು ಹುಡುಕುತ್ತದೆ. ಐಎನ್‌ಎ226ರ ಡ್ರೈವರ್ ಹುಡುಕುವುದು ಬರೀ ‘ಶಂಟ್-ರೆಸಿಸ್ಟರ್’. ಅಣ್ಣನ ಹೆಸರಿಗೆ ಬರೆದ ಪತ್ರ ತಮ್ಮನಿಗೆ ತಲುಪಲಿಲ್ಲ. ತಮ್ಮ ‘ಪತ್ರ ಬಂದಿಲ್ಲ’ ಎಂದು ಹೇಳಿದ್ದರೆ ಐದು ನಿಮಿಷದ ಕೆಲಸ. ಅವನು ಪತ್ರದಲ್ಲಿ ಏನಿದ್ದಿರಬಹುದೆಂದು ತಾನೇ ಊಹಿಸಿ ಉತ್ತರ ಬರೆದ. ಬೂಟ್ ಲಾಗಿನಲ್ಲಿ ಒಂದು ಸಾಲು ಇತ್ತು, ಶಂಟ್ 10000 ಮೈಕ್ರೋಓಮ್ ಎಂದು. ನಾನು ಅದನ್ನು ಓದಿಯೂ ಇದ್ದೆ. ನಮ್ಮ ಹಾರ್ಡ್‌ವೇರಿನವರು ಕೊಟ್ಟ ಲೆಕ್ಕವೇ ಇರಬೇಕು ಎಂದುಕೊಂಡು ಮುಂದೆ ಹೋಗಿದ್ದೆ. ಬರೆದು ಕೊಟ್ಟ ಅಂಕಿಯಾದರೂ ಊಹಿಸಿದ ಅಂಕಿಯಾದರೂ ಆ ಸಾಲು ಒಂದೇ ಥರ ಇರುತ್ತದೆ.

ಹೆಸರು ತಪ್ಪು ಬರೆದದ್ದು ನಮ್ಮ ತಪ್ಪು, ಒಪ್ಪಿದೆ. ನನ್ನ ಜಗಳ ಆ ಊಹೆಯ ಜೊತೆ, ಅದಕ್ಕಿಂತ ಹೆಚ್ಚಾಗಿ ಆ ಊಹೆಯನ್ನು ಜಾಣತನ ಎಂದು ಹೊಗಳುವ ನಂಬಿಕೆಯ ಜೊತೆ. ಡ್ರೈವರ್ ಬರೆಯುವ ಲೋಕದಲ್ಲಿ ಈ ನಂಬಿಕೆ ಎಷ್ಟು ಬೇರುಬಿಟ್ಟಿದೆಯೆಂದರೆ ಅದನ್ನು ಯಾರೂ ವಾದಿಸುವುದೇ ಇಲ್ಲ. ಹಾರ್ಡ್‌ವೇರಿನ ವಿವರ ಸಿಗದಿದ್ದರೆ ನಿಲ್ಲಬೇಡ, ಸೂಕ್ತವಾದ ಡೀಫಾಲ್ಟ್ ಹಾಕಿಕೊಂಡು ಮುಂದೆ ನಡೆ. ಗಟ್ಟಿ ಡ್ರೈವರ್ ಎಂದರೆ ಎಡವದ ಡ್ರೈವರ್. ಹೊಸಬರಿಗೆ ಕಲಿಸುವುದೂ ಹೀಗೇ. ಬೆಂಗಳೂರಿನಲ್ಲಿ ಬೋರ್ಡ್ ಎಬ್ಬಿಸುವ ಕೆಲಸವನ್ನು ಸಾವಿರಾರು ಜನ ಮಾಡುತ್ತಾರೆ. ಅವರಲ್ಲಿ ಯಾರನ್ನೇ ಕೇಳಿ, ‘ಡೀಫಾಲ್ಟ್ ಹಾಕಿಬಿಡಿ ಸಾರ್, ಬೂಟ್ ಆಗಲಿ ಮೊದಲು’ ಎನ್ನುತ್ತಾರೆ.

ಈ ವಿವರಪಟ್ಟಿ ಎಲ್ಲಿಂದ ಬಂತು ಎಂದು ಒಂದು ಮಾತು. ಪಿಸಿಯೊಳಗಿನ ಪಿಸಿಐ ಕಾರ್ಡುಗಳು ತಮ್ಮ ಹೆಸರು, ಕುಲ ಎಲ್ಲವನ್ನೂ ತಾವೇ ಹೇಳಿಕೊಳ್ಳುತ್ತವೆ. ಎಆರ್‌ಎಂ ಬೋರ್ಡುಗಳ ಮೇಲೆ ಐ2ಸಿ ತಂತಿಗೆ ನೇತುಬಿದ್ದ ಚಿಪ್ಪುಗಳು ಬಾಯಿ ಬಿಡುವುದಿಲ್ಲ. ಹಿಂದೆ ಪ್ರತಿಯೊಂದು ಬೋರ್ಡಿಗೂ ಕರ್ನಲ್‌ನಲ್ಲೇ ಒಂದೊಂದು ಸಿ ಫೈಲ್ ಬರೆಯುತ್ತಿದ್ದರು. 2011ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಆ ರಾಶಿಯನ್ನು ಕಂಡು ಸಿಡಿದರು. ಅಲ್ಲಿಂದಾಚೆ ಎಆರ್‌ಎಂ ಲೋಕ ಡಿವೈಸ್ ಟ್ರೀ ಎಂಬ ಈ ವಿವರಪಟ್ಟಿಗೆ ಹೊರಳಿತು. ಅದು ಹೊಸ ಕಲ್ಪನೆಯೇನೂ ಆಗಿರಲಿಲ್ಲ. ಸನ್ ಮತ್ತು ಆಪಲ್ ಯಂತ್ರಗಳಲ್ಲಿದ್ದ ಓಪನ್ ಫರ್ಮ್‌ವೇರ್‌ನಿಂದ, ಅಂದರೆ 1994ರ ಐಇಇಇ 1275 ಮಾನದಂಡದಿಂದ ಬಂದ ಮರ ಅದು. ಯಾವ ಚಿಪ್ಪು ಯಾವ ವಿಳಾಸದಲ್ಲಿದೆ, ಯಾವ ತಂತಿ ಎಲ್ಲಿಗೆ ಹೋಗುತ್ತದೆ, ಶಂಟ್ ಎಷ್ಟು ಓಮಿನದು ಎಂದು ಹೆಸರು-ಮೌಲ್ಯಗಳ ಜೋಡಿಗಳಲ್ಲಿ ಅದರಲ್ಲಿ ಬರೆದಿಡುತ್ತಾರೆ. ಈ ಜೋಡಿಗೆ ಪ್ರಾಪರ್ಟಿ ಎಂದು ಹೆಸರು. ಹಾರ್ಡ್‌ವೇರ್ ಹೇಗಿದೆ ಎಂದಷ್ಟೇ ಇಲ್ಲಿ ಬರೆಯಬೇಕು, ಅದನ್ನು ಹೇಗೆ ಬಳಸಬೇಕೆಂಬ ಇಷ್ಟಾನಿಷ್ಟ ಬರೆಯಬಾರದು ಎಂಬುದು ಇದರ ಮೂಲ ನಿಯಮ.

ಆ ನಿಯಮವನ್ನು ಒಪ್ಪಿದ ಮೇಲೆ ಡೀಫಾಲ್ಟ್ ಎಂಬ ಮಾತಿಗೆ ಜಾಗ ಎಲ್ಲಿದೆ? ಇಷ್ಟಾನಿಷ್ಟಕ್ಕೆ ಡೀಫಾಲ್ಟ್ ಇರಬಹುದು. ಕಾಫಿಗೆ ಸಕ್ಕರೆ ಎಷ್ಟು ಎಂದು ಹೇಳದಿದ್ದರೆ ಒಂದು ಚಮಚ ಹಾಕಬಹುದು. ಬೆಸುಗೆ ಹಾಕಿ ಕೂರಿಸಿದ ರೆಸಿಸ್ಟರ್ ಎಷ್ಟು ಓಮಿನದು ಎಂಬುದಕ್ಕೆ ಎಂಥ ಡೀಫಾಲ್ಟ್? ಅದು ಬೋರ್ಡಿನ ಮೇಲೆ ಆಗಿಹೋದ ಸಂಗತಿ. ಪಹಣಿ ಬರೆಯುವ ಶಾನುಭೋಗನೊಬ್ಬ ಜಮೀನಿನ ತರಗತಿ ಕಾಲಂ ಖಾಲಿ ಇರುವುದನ್ನು ನೋಡಿ, ‘ಈ ಸೀಮೆಯಲ್ಲಿ ಹೆಚ್ಚಿನದೆಲ್ಲ ಖುಷ್ಕಿಯೇ’ ಎಂದು ಖುಷ್ಕಿ ಬರೆದುಬಿಟ್ಟ ಎಂದುಕೊಳ್ಳಿ. ಹತ್ತರಲ್ಲಿ ಏಳು ಸಲ ಸರಿಯೇ ಆಗಬಹುದು. ಬಾಗಾಯ್ತಿನ ತೆಂಗಿನ ತೋಟವಿದ್ದವನು ಮುಂದೆ ಕಚೇರಿ ಕಚೇರಿ ಅಲೆಯುವಾಗ ಆ ಏಳು ಸಲದ ಲೆಕ್ಕ ಅವನಿಗೆ ಏನು ಸಮಾಧಾನ ಕೊಡುತ್ತದೆ? ಕಾಲಂ ಖಾಲಿ ಇದ್ದಿದ್ದರೆ ಯಾರಾದರೂ ಬಂದು ಕೇಳುತ್ತಿದ್ದರು. ತುಂಬಿದ ಕಾಲಂ ಅನ್ನು ಯಾರೂ ಕೇಳುವುದಿಲ್ಲ.

ಕೋಡಿನಲ್ಲಿ ಈ ಶಾನುಭೋಗಿಕೆ ಬಹಳ ಚೊಕ್ಕವಾಗಿ ಕಾಣುತ್ತದೆ, ಅದೇ ಅಪಾಯ. ಒಂದು ವೇರಿಯಬಲ್‌ನಲ್ಲಿ ಮೊದಲೇ ಡೀಫಾಲ್ಟ್ ಅಂಕಿ ಇಟ್ಟುಕೊಳ್ಳುತ್ತಾರೆ. ಆಮೇಲೆ ಪ್ರಾಪರ್ಟಿ ಓದುವ ಫಂಕ್ಷನ್ ಕರೆಯುತ್ತಾರೆ. ಓದಲಾಗದಿದ್ದರೆ ಆ ಫಂಕ್ಷನ್ ವೇರಿಯಬಲ್ಲನ್ನು ಮುಟ್ಟುವುದಿಲ್ಲ ಎಂಬ ಭರವಸೆ ಇದೆ, ಹಾಗಾಗಿ ಅದು ಕೊಟ್ಟ ಉತ್ತರವನ್ನು ನೋಡುವ ಗೋಜಿಗೇ ಹೋಗುವುದಿಲ್ಲ. ಎರಡೇ ಸಾಲು, ರಿವ್ಯೂ ಮಾಡುವವರಿಗೂ ಇಷ್ಟ. ಆದರೆ ಎಸೆದ ಆ ಉತ್ತರದಲ್ಲಿ ಏನಿತ್ತು? ಪ್ರಾಪರ್ಟಿಯೇ ಇಲ್ಲದಿದ್ದರೆ -22 ಬರುತ್ತದೆ. ಹೆಸರಿದ್ದು ಮೌಲ್ಯವಿಲ್ಲದಿದ್ದರೆ -61. ಮೌಲ್ಯವಿದ್ದು ಬೇಕಾದಷ್ಟು ಉದ್ದವಿಲ್ಲದಿದ್ದರೆ -75. ಯಾರೂ ಬರೆದಿಲ್ಲ, ಅರ್ಧ ಬರೆದು ಬಿಟ್ಟಿದ್ದಾರೆ, ಬರೆದದ್ದು ಕೆಟ್ಟಿದೆ: ಮೂರು ಬೇರೆ ಬೇರೆ ಕಾಯಿಲೆ. ಕರ್ನಲ್ ಪಾಪ, ಮೂರನ್ನೂ ಬಿಡಿಸಿ ಹೇಳುತ್ತದೆ. ಡ್ರೈವರ್ ಮೂರಕ್ಕೂ ಒಂದೇ ಕಷಾಯ ಕುಡಿಸುತ್ತದೆ. ಕ್ಲಾಕ್, ರೆಗ್ಯುಲೇಟರ್‌ಗಳ ವಿಷಯದಲ್ಲಿ ನಾಲ್ಕನೆಯದೂ ಒಂದಿದೆ, -517. ‘ಇದೆ, ಆದರೆ ಇನ್ನೂ ಎದ್ದಿಲ್ಲ, ಆಮೇಲೆ ಬಾ’ ಎಂದು ಅದರ ಅರ್ಥ. ಅದನ್ನೂ ‘ಇಲ್ಲ’ ಎಂದೇ ಓದಿ ಡೀಫಾಲ್ಟಿಗೆ ಜಾರುವ ಕೋಡನ್ನು ರಿವ್ಯೂಗಳಲ್ಲಿ ನಾನು ಕಂಡಿದ್ದೇನೆ. ಅಂಥ ಬೋರ್ಡ್ ಒಂದು ದಿನ ಸರಿ, ಒಂದು ದಿನ ತಪ್ಪು. ಯಾವ ಡ್ರೈವರ್ ಮೊದಲು ಎದ್ದಿತು ಎಂಬುದರ ಮೇಲೆ ಹಣೆಬರಹ.

ಕರ್ನಾಟಕದಲ್ಲಿ ಆರ್‌ಟಿಸಿ ಎಂದರೆ ಪಹಣಿ. ಬೋರ್ಡಿನ ಮೇಲೆ ಆರ್‌ಟಿಸಿ ಎಂದರೆ ಕರೆಂಟ್ ಹೋದರೂ ಹೊತ್ತು ಎಣಿಸುವ ಗಡಿಯಾರದ ಚಿಪ್ಪು. ಅಲ್ಲಿಯೂ ಇದೇ ಕಥೆ. ಪಿಸಿಎಫ್8523 ಮತ್ತು ಪಿಸಿಎಫ್85063 ಎಂಬ ಎರಡು ಆರ್‌ಟಿಸಿ ಚಿಪ್ಪುಗಳಿವೆ. ಎರಡಕ್ಕೂ ಹೊರಗಡೆ ಒಂದು ಕ್ವಾರ್ಟ್ಜ್ ಹರಳು ಬೇಕು, ಆ ಹರಳಿಗೆ ತಕ್ಕ ಕೆಪಾಸಿಟರನ್ನು ಚಿಪ್ಪಿನೊಳಗೆ ಆರಿಸಬೇಕು: 7 ಪಿಕೋಫ್ಯಾರಡ್ ಅಥವಾ 12.5. ಹರಳಿಗೆ ಹೊಂದದ್ದನ್ನು ಆರಿಸಿದರೆ ಗಡಿಯಾರ ಮುಂದೆಯೋ ಹಿಂದೆಯೋ ಓಡುತ್ತದೆ. ದಶಲಕ್ಷಕ್ಕೆ 20 ಭಾಗ ತಪ್ಪಿದರೂ ದಿನಕ್ಕೆ ಸುಮಾರು 1.7 ಸೆಕೆಂಡ್, ತಿಂಗಳಿಗೆ ಹೆಚ್ಚುಕಡಿಮೆ 52 ಸೆಕೆಂಡ್. ಲಿನಕ್ಸ್‌ನಲ್ಲಿ ಈ ಮೌಲ್ಯ ಕೊಡದಿದ್ದರೆ 8523ರ ಡ್ರೈವರ್ 12.5 ಎಂದುಕೊಳ್ಳುತ್ತದೆ, 85063ರ ಡ್ರೈವರ್ 7 ಎಂದುಕೊಳ್ಳುತ್ತದೆ. ಪ್ರಶ್ನೆ ಒಂದೇ, ಹರಳುಗಳೂ ಅದೇ ಅಂಗಡಿಯವು, ‘ಸೂಕ್ತ’ ಉತ್ತರ ಮಾತ್ರ ಎರಡು. ಇನ್ನೂ ಸ್ವಾರಸ್ಯದ ಸಂಗತಿಯೊಂದಿದೆ. ನೀವು ಅರ್ಥವಿಲ್ಲದ ಅಂಕಿ ಬರೆದರೆ, 9 ಎಂದೋ 20 ಎಂದೋ, ಡ್ರೈವರ್ ಲಾಗಿನಲ್ಲಿ ಎಚ್ಚರಿಕೆ ಬರೆಯುತ್ತದೆ. ಏನೂ ಬರೆಯದಿದ್ದರೆ ತುಟಿ ಪಿಟಕ್ಕೆನ್ನುವುದಿಲ್ಲ. ತಪ್ಪು ಮಾತಾಡಿದವನಿಗೆ ಗದರಿಕೆ, ಬಾಯಿ ಮುಚ್ಚಿಕೊಂಡವನಿಗೆ ಮನ್ನಣೆ.

ಈಗ ಎದುರುವಾದಿಗಳ ಮಾತು ಕೇಳೋಣ, ಅವರೇನೂ ಮೂರ್ಖರಲ್ಲ. ‘ಒಂದು ಅಂಕಿ ಇಲ್ಲವೆಂದು ಇಡೀ ಯಂತ್ರ ಕೂತುಬಿಡಬೇಕೇ? ಕರ್ನಲ್ಲನ್ನು ಕೆಡವಬೇಡಿ ಎಂದು ಕೋಡಿಂಗ್ ನಿಯಮಗಳೇ ಹೇಳುವುದಿಲ್ಲವೇ?’ ಎನ್ನುತ್ತಾರೆ. ಹೇಳುತ್ತವೆ. ಆದರೆ ಕರ್ನಲ್ಲನ್ನು ಕೆಡವುವುದು ಬೇರೆ, ಒಂದು ಡ್ರೈವರ್ ‘ಈ ಚಿಪ್ಪನ್ನು ನಾನು ನಡೆಸಲಾರೆ’ ಎಂದು ಪ್ರೋಬ್‌ನಲ್ಲೇ, ಅಂದರೆ ಚಿಪ್ಪನ್ನು ವಹಿಸಿಕೊಳ್ಳುವ ಹಂತದಲ್ಲೇ, ದೋಷಸಂಖ್ಯೆ ಕೊಟ್ಟು ಹಿಂದೆ ಸರಿಯುವುದು ಬೇರೆ. ಉಳಿದ ಯಂತ್ರ ನಡೆಯುತ್ತಲೇ ಇರುತ್ತದೆ. ಈ ಎರಡನ್ನೂ ಕಲಸಿ ಹೆದರಿಸುವುದು ವಾದವಲ್ಲ. ಇದಕ್ಕಿಂತ ಕಷ್ಟದ ಪರೀಕ್ಷೆ ಬೇಕೆಂದರೆ ಸೀರಿಯಲ್ ಪೋರ್ಟ್ ನೋಡಿ. ಎಷ್ಟೋ ಬೋರ್ಡುಗಳಲ್ಲಿ ದೋಷದ ಸಂದೇಶ ಕಾಣುವ ಏಕೈಕ ಕಿಟಕಿ ಅದು. ಅದೇ ಕೆಲಸ ಮಾಡದಿದ್ದರೆ ಎಂಜಿನಿಯರು ಕತ್ತಲಲ್ಲಿ ಕೂರಬೇಕು. ಊಹೆಗೆ ಇದಕ್ಕಿಂತ ಒಳ್ಳೆಯ ನೆಪ ಇನ್ನೆಲ್ಲಿ ಸಿಕ್ಕೀತು? ಹಳೆಯ ಪಿಸಿಗಳ 1.8432 ಮೆಗಾಹರ್ಟ್ಜ್ ಎಂಬ ಪ್ರಸಿದ್ಧ ಅಂಕಿಯೂ ಕೈಯಲ್ಲೇ ಇದೆ. 16ರಿಂದ ಭಾಗಿಸಿದರೆ ಸರಿಯಾಗಿ 115200. ಆದರೂ ಡಿವೈಸ್ ಟ್ರೀಯಿಂದ ವಿವರ ಪಡೆಯುವ 8250 ಸೀರಿಯಲ್ ಡ್ರೈವರ್ ಕ್ಲಾಕಿನ ವೇಗ ಗೊತ್ತಾಗದಿದ್ದರೆ ಪೋರ್ಟನ್ನು ತೆರೆಯುವುದೇ ಇಲ್ಲ. ಊಹಿಸಿದ್ದರೆ ಪರದೆಯ ತುಂಬ ಅರ್ಥವಿಲ್ಲದ ಗೀಚು ಬರುತ್ತಿತ್ತು, ಕೇಬಲ್ ಹಾಳಾಗಿದೆಯೋ, ಬಾಡ್ ರೇಟ್ ತಪ್ಪಿದೆಯೋ ಎಂದು ಅರ್ಧ ದಿನ ಹೋಗುತ್ತಿತ್ತು. ಇಷ್ಟು ಮುಖ್ಯವಾದ ಕಿಟಕಿಯನ್ನೇ ಮುಚ್ಚಿಡುವ ಧೈರ್ಯ ಆ ಡ್ರೈವರಿಗಿದ್ದರೆ, ಒಂದು ಕರೆಂಟ್ ಮೀಟರಿಗೆ ಯಾಕಿಲ್ಲ?

ಇನ್ನು ಕೆಲವರು ಜಾನ್ ಪೋಸ್ಟೆಲ್ ಅವರನ್ನು ಕರೆತರುತ್ತಾರೆ. ಕೊಡುವಾಗ ಬಿಗಿಯಾಗಿರು, ಪಡೆಯುವಾಗ ಉದಾರವಾಗಿರು ಎಂಬ ತತ್ತ್ವವನ್ನು ಅವರು 1980ರ ಟಿಸಿಪಿ ಬರಹದಲ್ಲಿ ಹೇಳಿದರು. ಅಂತರ್ಜಾಲದ ಮಂದಿಯೇ 2023ರಲ್ಲಿ ಆರ್‌ಎಫ್‌ಸಿ 9413 ಬರೆದು ಆ ಉದಾರತೆಯಿಂದ ಕಾಲಾಂತರದಲ್ಲಿ ಆಗುವ ಹಾನಿಯನ್ನು ವಿವರಿಸಿದರು. ಅಷ್ಟಕ್ಕೂ ಪೋಸ್ಟೆಲ್ ಹೇಳಿದ್ದು ಬಂದ ಮಾತನ್ನು ಉದಾರವಾಗಿ ಕೇಳಿಸಿಕೊಳ್ಳುವ ಬಗ್ಗೆ, ಬಾರದ ಮಾತನ್ನು ಹುಟ್ಟಿಸಿಕೊಳ್ಳುವ ಬಗ್ಗೆ ಅಲ್ಲ.

ಗಟ್ಟಿಯಾದ ವಾದ ಇನ್ನೊಂದಿದೆ. ಡಿವೈಸ್ ಟ್ರೀ ಎಂಬುದು ಕರ್ನಲ್ ಮತ್ತು ಬೋರ್ಡಿನ ನಡುವಿನ ಒಪ್ಪಂದ. ಐದು ವರ್ಷದ ಹಿಂದೆ ಬೋರ್ಡಿನೊಳಗೆ ಸುಟ್ಟ ಹಳೆಯ ಟ್ರೀ ಇವತ್ತಿನ ಕರ್ನಲ್ ಜೊತೆಗೂ ನಡೆಯಬೇಕು. ಹಾಗಾಗಿ ನಿನ್ನೆಯವರೆಗೆ ಬೇಕಿಲ್ಲದ ಪ್ರಾಪರ್ಟಿಯನ್ನು ಇವತ್ತು ಕಡ್ಡಾಯ ಮಾಡುವಂತಿಲ್ಲ; ಮಾಡಿದರೆ ಹಳೆಯ ಬೋರ್ಡುಗಳು ಕೆಡುತ್ತವೆ. ಇದು ನಿಜ, ನಾನು ತಲೆಬಾಗುತ್ತೇನೆ. ಆದರೆ ಈ ವಾದ ನನ್ನ ಪಕ್ಷದ್ದು. ಮೊದಲ ದಿನ ಸುಮ್ಮನೆ ಹಾಕಿದ ಡೀಫಾಲ್ಟ್ ಎಂದೆಂದಿಗೂ ತೆಗೆಯಲಾಗದ ಶಾಸನವಾಗುತ್ತದೆ ಎಂದು ತಾನೇ ಇದರ ಅರ್ಥ? ಕಡ್ಡಾಯವನ್ನು ನಾಳೆ ಸಡಿಲಿಸಬಹುದು, ಯಾರಿಗೂ ನೋವಿಲ್ಲ. ಸಡಿಲವನ್ನು ನಾಳೆ ಬಿಗಿ ಮಾಡಲಾಗದು. ಹಾಗಿದ್ದ ಮೇಲೆ ಹೊಸ ಡ್ರೈವರ್ ಬರೆಯುವ ದಿನ ಯಾವ ಕಡೆಗೆ ವಾಲಬೇಕು?

ಬಿಗಿ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ 2019ರ ಈಥರ್ನೆಟ್ ಪ್ರಸಂಗ ನೋಡಿ. ಗಿಗಾಬಿಟ್ ಈಥರ್ನೆಟ್ಟಿನಲ್ಲಿ ಪ್ರೊಸೆಸರಿಗೂ ಫಿ ಎಂಬ ಚಿಪ್ಪಿಗೂ ನಡುವೆ ಆರ್‌ಜಿಎಂಐಐ ಎಂಬ ತಂತಿಗಳ ಜಾಲ ಇರುತ್ತದೆ. 125 ಮೆಗಾಹರ್ಟ್ಜ್ ಕ್ಲಾಕ್, ಒಂದು ಸುತ್ತಿಗೆ 8 ನ್ಯಾನೋಸೆಕೆಂಡ್. ಡೇಟಾ ನೆಲೆ ನಿಂತ ಮೇಲೆ ಓದಲು ಕ್ಲಾಕನ್ನು ಸುಮಾರು 2 ನ್ಯಾನೋಸೆಕೆಂಡ್ ತಡ ಮಾಡಬೇಕು. ಆ ತಡವನ್ನು ಬೋರ್ಡಿನ ತಾಮ್ರದ ಗೆರೆ ಉದ್ದ ಮಾಡಿ ಪಡೆಯಬಹುದು, ಇಲ್ಲವೇ ಚಿಪ್ಪಿನೊಳಗೆ ಪಡೆಯಬಹುದು. ಯಾವುದು ಎಂದು ಟ್ರೀಯಲ್ಲಿ ಬರೆಯಬೇಕು. ಅಥೆರಾಸ್‌ನ ಎಆರ್803 ಸರಣಿಯ ಫಿಗಳು ಎದ್ದಾಗ ಸ್ವೀಕರಿಸುವ ಕಡೆಯ ತಡವನ್ನು ತಾವೇ ಆನ್ ಮಾಡಿಕೊಂಡೇ ಏಳುತ್ತವೆ. ಡ್ರೈವರ್ ಕೇಳಿದರೆ ತಡ ಹಾಕುತ್ತಿತ್ತು, ಬೇಡವೆಂದರೆ ತೆಗೆಯುವ ಕೆಲಸ ಮಾತ್ರ ಮಾಡುತ್ತಿರಲಿಲ್ಲ. ಎಷ್ಟೋ ಬೋರ್ಡುಗಳ ಟ್ರೀಯಲ್ಲಿ ‘ಚಿಪ್ಪಿನೊಳಗೆ ತಡ ಬೇಡ’ ಎಂದು ತಪ್ಪಾಗಿ ಬರೆದಿತ್ತು, ಆದರೂ ನೆಟ್‌ವರ್ಕ್ ಓಡುತ್ತಿತ್ತು. 2019ರಲ್ಲಿ ಡ್ರೈವರನ್ನು ತಿದ್ದಿ ಬರೆದದ್ದನ್ನೇ ಪಾಲಿಸುವಂತೆ ಮಾಡಿದರು. ಆ ಬೋರ್ಡುಗಳ ನೆಟ್‌ವರ್ಕ್ ಸತ್ತಿತು. ಆಮೇಲೆ ಒಂದೊಂದೇ ಟ್ರೀ ಫೈಲನ್ನು ಹುಡುಕಿ ತಿದ್ದಬೇಕಾಯಿತು. ಇಲ್ಲಿ ಅಂಕಿ ಕಾಣೆಯಾಗಿರಲಿಲ್ಲ, ತಪ್ಪಾಗಿತ್ತು. ಅದನ್ನು ವರ್ಷಗಟ್ಟಲೆ ಮುಚ್ಚಿಟ್ಟದ್ದು ಯಾರೂ ಕೇಳದೆ ಸಿಕ್ಕ ಡೀಫಾಲ್ಟ್. ತಿದ್ದಿದವರಿಗೆ ಬೈಗುಳ ಬಿತ್ತು, ಮುಚ್ಚಿಟ್ಟದ್ದಕ್ಕೆ ಯಾರೂ ಬೈಯಲಿಲ್ಲ.

ಇದಕ್ಕೆಲ್ಲ ಈಗ ಸ್ಕೀಮಾ ತಪಾಸಣೆ ಬಂದಿದೆಯಲ್ಲ ಎನ್ನುತ್ತಾರೆ. ಬಂದಿದೆ. ಯಾವ ಪ್ರಾಪರ್ಟಿ ಕಡ್ಡಾಯ, ಯಾವುದಕ್ಕೆ ಏನು ಡೀಫಾಲ್ಟ್ ಎಂದು ಯಾಮಲ್ ಫೈಲುಗಳಲ್ಲಿ ಬರೆದು ಟ್ರೀಯನ್ನು ಅದಕ್ಕೆ ಒರೆಹಚ್ಚಬಹುದು. ನಮ್ಮ ಅಣ್ಣ-ತಮ್ಮಂದಿರ ಹೆಸರಿನ ಗೊಂದಲವನ್ನು ಅದು ಹಿಡಿಯುತ್ತಿತ್ತು. ಒಳ್ಳೆಯ ಕೆಲಸ, ಕೈಮುಗಿಯುತ್ತೇನೆ. ಆದರೆ ಕರ್ನಲ್‌ನ ಅಂಗಳದಲ್ಲಿರುವ ಟ್ರೀಗಳಿಗೆ ಆ ತಪಾಸಣೆ ಮಾಡುತ್ತಾರೆ. ಕಂಪನಿಗಳ ಕಪಾಟುಗಳಲ್ಲಿರುವ ಟ್ರೀಗಳಿಗೆ, ಡೆಡ್‌ಲೈನಿನ ಹಿಂದಿನ ರಾತ್ರಿ ಬರೆದ ಓವರ್‌ಲೇಗಳಿಗೆ ಯಾರು ಮಾಡುತ್ತಾರೆ? ನಾನಂತೂ ಆಗ ಮಾಡಿರಲಿಲ್ಲ.

ಹಾಗೆಂದು ಎಲ್ಲ ಡೀಫಾಲ್ಟನ್ನೂ ಸುಟ್ಟುಹಾಕಿ ಎನ್ನುವ ಹಠ ನನಗಿಲ್ಲ. ಐ2ಸಿ ಬಸ್ಸಿನ ವೇಗ ಹೇಳದಿದ್ದರೆ ಡ್ರೈವರುಗಳು ಸಾಮಾನ್ಯವಾಗಿ 100 ಕಿಲೋಹರ್ಟ್ಜ್ ಹಿಡಿಯುತ್ತವೆ. 400ರಲ್ಲಿ ಓಡಬಲ್ಲ ಚಿಪ್ಪು 100ರಲ್ಲೂ ಓಡುತ್ತದೆ. ತಪ್ಪಿದರೆ ನಿಧಾನವಾದೀತು, ಸುಳ್ಳಾಗದು. ಈಥರ್ನೆಟ್ ವಿಳಾಸ ಸಿಗದಿದ್ದರೆ ಡ್ರೈವರ್ ಲಾಟರಿ ಎತ್ತಿ ಒಂದು ವಿಳಾಸ ಹಾಕಿಕೊಳ್ಳುತ್ತದೆ. ಪ್ರತಿ ಬೂಟಿಗೂ ಹೊಸ ವಿಳಾಸವಾಗಿ ಡಿಎಚ್‌ಸಿಪಿ ನಡೆಸುವವನ ಪ್ರಾಣ ಹಿಂಡಬಹುದು, ಆದರೂ ಇದನ್ನು ನಾನು ಕ್ಷಮಿಸುತ್ತೇನೆ. ಆ ವಿಳಾಸದೊಳಗೇ ‘ಇದು ಸ್ಥಳೀಯವಾಗಿ ಕೊಟ್ಟದ್ದು’ ಎನ್ನುವ ಬಿಟ್ ಇರುತ್ತದೆ, ವಿಳಾಸ ಹೇಗೆ ಬಂತು ಎಂದು ಕರ್ನಲ್ಲನ್ನು ಕೇಳಿದರೆ ಸಿಸ್‌ಎಫ್‌ಎಸ್‌ನಲ್ಲಿ 1 ಎಂದು ಉತ್ತರ ಸಿಗುತ್ತದೆ, ಅಂದರೆ ಊಹಿಸಿದ್ದು. ಸೊನ್ನೆಯಾದರೆ ಹಾರ್ಡ್‌ವೇರಿನಿಂದಲೇ ಬಂದದ್ದು. ಊಹೆ ತನ್ನ ಹಣೆಯ ಮೇಲೆ ಊಹೆ ಎಂದು ಬರೆದುಕೊಂಡು ಓಡಾಡುತ್ತದೆ. ನಮ್ಮ ಶಂಟಿನ ಸಾಲಿಗೂ ಹೀಗೊಂದು ಗುರುತು ಇದ್ದಿದ್ದರೆ ನಾನು ಮೂರು ವಾರ ಉಳಿಸುತ್ತಿದ್ದೆ.

ರೆಗ್ಯುಲೇಟರ್ ವ್ಯವಸ್ಥೆ ಇನ್ನೂ ನಾಜೂಕು. ವಿದ್ಯುತ್ ಪೂರೈಕೆಯ ವಿವರ ಟ್ರೀಯಲ್ಲಿ ಇಲ್ಲದಿದ್ದರೆ ಅದು ಒಂದು ಬೆದರುಬೊಂಬೆ ರೆಗ್ಯುಲೇಟರನ್ನು ನಿಲ್ಲಿಸಿ, ಹಾಗೆ ಮಾಡಿದೆನೆಂದು ಲಾಗಿನಲ್ಲಿ ಹೇಳುತ್ತದೆ. ಬೊಂಬೆಗೆ ಆನ್ ಆಗು ಎಂದರೆ ಆಯಿತು ಎನ್ನುತ್ತದೆ, ಯಾಕೆಂದರೆ ಯಂತ್ರ ನಡೆಯುತ್ತಿದೆ ಎಂದ ಮೇಲೆ ಆ ಪೂರೈಕೆ ಹೇಗೂ ಆನ್ ಇರಲೇಬೇಕು. ಎಷ್ಟು ವೋಲ್ಟ್ ಎಂದು ಕೇಳಿ ನೋಡಿ, ದೋಷಸಂಖ್ಯೆ ಕೊಡುತ್ತದೆ. ತರ್ಕದಿಂದ ಗೊತ್ತಾಗುವುದನ್ನು ಒಪ್ಪುತ್ತದೆ, ಅಳೆದೇ ತಿಳಿಯಬೇಕಾದದ್ದನ್ನು ಹುಟ್ಟಿಸುವುದಿಲ್ಲ. ಬ್ಯಾಟರಿಯ ವಿವರ ಓದುವ ಕೋಡೂ ಇಂಥದೇ: ಗರಿಷ್ಠ ಚಾರ್ಜಿಂಗ್ ಕರೆಂಟ್, ವೋಲ್ಟೇಜ್ ಮುಂತಾದ ಖಾನೆಗಳಲ್ಲಿ ಮೊದಲೇ -22 ತುಂಬಿಟ್ಟುಕೊಂಡು, ಸಿಕ್ಕಿದ್ದನ್ನು ಮಾತ್ರ ಬದಲಿಸುತ್ತದೆ. ಸಿಗದ್ದು ಸಿಗದ್ದಾಗಿಯೇ ಉಳಿಯುತ್ತದೆ. ಲಿಥಿಯಂ ಬ್ಯಾಟರಿಗೆ ‘ಸಾಮಾನ್ಯವಾಗಿ ಇಷ್ಟಿರುತ್ತದೆ’ ಎಂದು ಚಾರ್ಜ್ ಹಾಕುವ ಧೈರ್ಯ ಯಾರಿಗಿದೆ? ಬೆಂಕಿ ಬೀಳುವಲ್ಲಿ ಎಲ್ಲರಿಗೂ ಬುದ್ಧಿ ಇದೆ. ಬೆಂಕಿ ಬೀಳದೆ ಬರೀ ಅಂಕಿ ಸುಳ್ಳಾಗುವಲ್ಲಿ ಮಾತ್ರ ಉದಾರತೆ ಉಕ್ಕುತ್ತದೆ. ಆ ಅಂಕಿಯ ಮೇಲೆ ಯಾರೋ ಫ್ಯೂಸ್ ಆರಿಸುತ್ತಾರೆ, ಯಾರೋ ಬ್ಯಾಟರಿ ಎಷ್ಟು ಗಂಟೆ ಬರುತ್ತದೆಂದು ಗ್ರಾಹಕರಿಗೆ ಮಾತು ಕೊಡುತ್ತಾರೆ.

ನಮ್ಮ ಬೋರ್ಡಿನ ಕಥೆ ಮುಗಿದದ್ದು ಹೀಗೆ. ಕಾರಣ ಸಿಕ್ಕ ದಿನ ಸಂಜೆಯೇ ಪ್ಯಾಚ್ ಬಂತು. ಟ್ರೀಯಲ್ಲಿನ ಹೆಸರು ತಿದ್ದಿದ ಪ್ಯಾಚ್ ಇರಬೇಕು ಎಂದುಕೊಂಡು ತೆರೆದೆ. ನಮ್ಮ ಕಂಪನಿಯ ಕರ್ನಲ್ ಪ್ರತಿಯಲ್ಲಿ ಡ್ರೈವರಿನ ಡೀಫಾಲ್ಟನ್ನೇ 10000ದಿಂದ 2000ಕ್ಕೆ ಇಳಿಸಿದ್ದರು. ‘ನಮ್ಮದೆಲ್ಲ 2 ಮಿಲಿಓಮೇ ಅಲ್ವಾ ಸಾರ್’ ಎಂದು ವಿವರಣೆ. ನಾನು ತಕರಾರು ಬರೆದೆ. ಬಿಡುಗಡೆಗೆ ಎರಡು ದಿನವಿತ್ತು, ಪ್ಯಾಚ್ ಒಳಗೆ ಹೋಯಿತು. ಮುಂದಿನ ಬೋರ್ಡಿನ ಶಂಟಿನ ಮೇಲೆ ‘ಆರ್005’ ಎಂದು ಅಚ್ಚಾಗಿತ್ತು.